ಮೂರನೇ ಪಟ್ಟಿ

ನಾಲ್ಕು ವರ್ಷದ ಹಿಂದೆ ತಾನೇ ಬರೆದ ಕೋಡಿನ ಸಾಲಿನ ಮೇಲೆ ಅವಳ ಬೆರಳು ನಿಂತಿತು. ಪ್ರೋಗ್ರಾಂ ಎಲ್ಲಿ ಮೆಮೊರಿಗಾಗಿ ಕಾಯುತ್ತಿದೆ ಎಂದು ತೋರಿಸುವ ಅವಳ ಟೂಲ್, ಪ್ರೊಸೆಸರ್ ಪಕ್ಕದ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶಿನ ಹಂತಕ್ಕೊಂದರಂತೆ ಮೂರು ಪಟ್ಟಿ ಬಿಡಿಸುತ್ತಿತ್ತು. ಪ್ರೊಸೆಸರ್ ಯಾವುದೇ ಇರಲಿ, ಮೂರೇ. ಹೊಸ ಯಂತ್ರದಲ್ಲಿ ಇದ್ದದ್ದು ಎರಡು ಹಂತ. ಇಲ್ಲದ ಮೂರನೆಯದಕ್ಕೆ ಟೂಲ್ ಎಲ್ಲಿಂದಲೋ ಅಂಕಿ ತಂದು, ಇಲ್ಲಿ ಕಾಯುವುದು ಅತಿಯಾಯಿತು ಎಂದು ಕೆಂಪು ಬಳಿದಿತ್ತು. ಆ ಕೆಂಪನ್ನು ಇಳಿಸಲೆಂದು ಎದುರು ಮೇಜಿನ ಹಿರಿಯರು, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದವರು, ಐದು ವಾರದಿಂದ ತಮ್ಮ ಕೋಡನ್ನು ಬಿಚ್ಚಿ ಕಟ್ಟುತ್ತಿದ್ದರು.

ಅವಳು ಕಾಲೆಳೆದುಕೊಂಡು ಅವರ ಬಳಿ ಹೋದಳು. ಅವರ ಪರದೆಗೆ ಎಂದಿನಂತೆ ಹಳದಿ ಚೀಟಿಯೊಂದು ಅಂಟಿತ್ತು. ಏನೋ ಮರೆಯಬಾರದ ಕೆಲಸವಿರಬೇಕು ಎಂದುಕೊಂಡು ಅವಳು ದಿನವೂ ಅದನ್ನು ದಾಟಿ ಹೋಗಿದ್ದಳು.

“ಮೇಷ್ಟ್ರೇ, ಆ ಮೂರನೇ ಕ್ಯಾಶ್ ಈ ಯಂತ್ರದಲ್ಲಿ ಇಲ್ವೇ ಇಲ್ಲ. ತಪ್ಪು ನಂದು.”

“ಗೊತ್ತು ಕಣಮ್ಮ.” ಅವರು ಕೀಲಿಮಣೆಯಿಂದ ಕಣ್ಣೆತ್ತಲಿಲ್ಲ. “ಮೊದಲನೇ ವಾರಾನೇ ಗೊತ್ತಾಯ್ತು.”

“ಮತ್ತೆ ಯಾಕೆ ಸುಮ್ಮನಿದ್ರಿ?”

“ಸುಮ್ಮನೆಲ್ಲಿದ್ದೆ? ಟೂಲ್ ತಪ್ಪು ತೋರಿಸ್ತಿದೆ ಅಂತ ದೂರಿನ ಟಿಕೆಟ್ ಹಾಕ್ದೆ. ಎರಡೇ ನಿಮಿಷಕ್ಕೆ ಉತ್ತರಾನೂ ಬಂತು. ಮ್ಯಾನೇಜರ್‌ಗೆ ಆ ಉತ್ತರವೇ ಸಾಕಾಯ್ತು. ಕೆಂಪು ಹೋಗೋವರೆಗೂ ತಿದ್ದಿ ಅಂದ್ರು.”

ಅವರು ಗಲ್ಲವೆತ್ತಿ ಚೀಟಿಯ ಕಡೆ ತೋರಿಸಿದರು. ಅವಳು ಮೆಲ್ಲಗೆ ಅದನ್ನು ಕಿತ್ತಳು. ಅಡಿಯಲ್ಲಿ ಕೆಂಪು ಪಟ್ಟಿ ಹಾಗೆಯೇ ಇತ್ತು. ಚೀಟಿಯ ಮೇಲೆ ಮೇಷ್ಟ್ರ ದುಂಡು ಅಕ್ಷರ: ‘ಟೂಲ್ ಸರಿಯಾಗಿದೆ. ನಿಮ್ಮ ಕೋಡ್ ನೋಡಿಕೊಳ್ಳಿ.’ ಅದರ ಕೆಳಗೆ, ಉತ್ತರ ಕೊಟ್ಟವರು ಎಂದು, ಅವಳ ಹೆಸರು.