ಎರಡು ಬೆರಳು

ಪರದೆಯ ಮೇಲಿನ ಅಂಕಿ ತೊಂಬತ್ತು ಡಿಗ್ರಿ ದಾಟಿತು. ಮೂರೂ ಫ್ಯಾನುಗಳು ಭರ್ರೆಂದು ತಿರುಗುತ್ತಿದ್ದರೂ, ಆರು ತಿಂಗಳಿಂದ ಒಂದೊಂದೇ ಭಾಗ ಕೂಡಿಹಾಕಿ ಮಗಳು ಜೋಡಿಸಿದ ಮೊದಲ ಕಂಪ್ಯೂಟರು ಒಲೆಯ ಹಾಗೆ ಕಾಯುತ್ತಿತ್ತು. ಅದನ್ನು ತಣ್ಣಗಿಡಬೇಕಿದ್ದ ನೀರಿನ ಕೂಲರಿಗೆ ಏನಾಗಿದೆಯೋ ಅವಳಿಗೆ ತಿಳಿಯಲಿಲ್ಲ. ಆಸ್ಪತ್ರೆಯಿಂದ ಆಗಷ್ಟೇ ಬಂದ ಅಮ್ಮ ನರ್ಸ್ ಯೂನಿಫಾರ್ಮಿನಲ್ಲೇ ಬಗ್ಗಿ, ಕೂಲರಿನ ಕಪ್ಪು ಕೊಳವೆಯ ಮೇಲೆ ಎರಡು ಬೆರಳಿಟ್ಟು ಕೈಗಡಿಯಾರ ನೋಡತೊಡಗಿದಳು.

"ಅಮ್ಮಾ, ಅದೇನು ಪೇಷೆಂಟಾ?"

"ಸುಮ್ನಿರು. ಇದರೊಳಗೆ ನೀರು ಓಡ್ಬೇಕು ತಾನೆ? ಒಂಚೂರೂ ಅದುರ್ತಿಲ್ಲ."

ನಗಲು ಹೊರಟ ಮಗಳು ನಗಲಿಲ್ಲ. ಸ್ವಿಚ್ ಆರಿಸಿ, ಟಾರ್ಚು ಹಿಡಿದು ಹುಡುಕಿದಳು. ಫ್ಯಾನಿನ ವೈರುಗಳ ಹಿಂದೆ ಕೂಲರಿನ ನೀರು ಓಡಿಸುವ ಪಂಪಿನ ತೆಳ್ಳನೆಯ ವೈರು ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಹನ್ನೆರಡು ವಿಡಿಯೋ ನೋಡಿದವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಸಿಕ್ಕಿಸಿ ಮತ್ತೆ ಸ್ವಿಚ್ ಹಾಕಿದಳು.

"ಬಂತು," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡು.

ಅಂಕಿ ಸರಸರನೆ ಇಳಿಯುತ್ತಿತ್ತು. ಮಗಳು ಅತ್ತ ನೋಡಲೂ ಇಲ್ಲ. ಅಮ್ಮನ ಪಕ್ಕ ಮಂಡಿಯೂರಿ ಕೂತು, ಕೊಳವೆಯನ್ನು ತಾನೂ ಮೆಲ್ಲಗೆ ಹಿಡಿದಳು.

"ಹೆಬ್ಬೆರಳು ತೆಗಿ," ಎಂದಳು ಅಮ್ಮ. "ಅದರಲ್ಲಿ ನಿಂದೇ ನಾಡಿ ಸಿಗುತ್ತೆ."