ಮೂರನೇ ಬೇರಿಂಗ್

“ಥೂ! ಇದೇನು ಎಂಜಿನ್ನೋ, ಮಸಣವೋ?”

ಮೇಸ್ತ್ರಿ ಕೈಯಲ್ಲಿದ್ದ ಬೇರಿಂಗನ್ನು ಗಡಿಯಾರದಜ್ಜನ ಮೂಗಿನ ಹತ್ತಿರವೇ ಹಿಡಿದ. ಸುಟ್ಟ ಎಣ್ಣೆಯ ನಾತ. ಹೋದ ತಿಂಗಳಷ್ಟೇ ಮೇಸ್ತ್ರಿ ತಾನೇ ಕೂರಿಸಿದ್ದ ಹೊಸ ಬೇರಿಂಗ್ ಕರಟಿಹೋಗಿ, ಮುಟ್ಟಿದರೆ ಪುಡಿ ಉದುರಿಸುತ್ತಿತ್ತು. ಅಜ್ಜನ ಅರವತ್ತು ವರ್ಷದ ಕಾರಿಗೆ ಹೊಂದುವಂಥದ್ದು ಹುಡುಕಲು ಅವನು ಸುತ್ತದ ಗುಜರಿ ಅಂಗಡಿಯಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

“ಎಣ್ಣೆ ಇಲ್ಲದೆ ಓಡಿಸಿದ್ದೀರಿ, ಅಜ್ಜಾ.”

“ಇಲ್ಲಪ್ಪಾ. ಪ್ರತಿ ಭಾನುವಾರ ಎಣ್ಣೆ ಅಳೆಯೋ ಕಡ್ಡಿ ಎಳೆದು ನೋಡ್ತಿದ್ದೆ. ಗೆರೆ ತನಕ ಇತ್ತು.”

“ನೋಡಿದ್ದೀನಿ ಅಂದ್ಕೊಂಡಿರ್ತೀರಿ.”

ಎಂಜಿನ್ ಬಿಚ್ಚುವಾಗ ಎಣ್ಣೆಯೇನೋ ಡಬ್ಬಿ ತುಂಬ ಬಂದಿತ್ತು. ಸದ್ದು ಶುರುವಾದ ಮೇಲೆ ಹೆದರಿ ಸುರಿದಿರುತ್ತಾನೆ ಮುದುಕ. ಇಂಥವರನ್ನು ಮೇಸ್ತ್ರಿ ಎಷ್ಟು ಜನರನ್ನು ಕಂಡಿಲ್ಲ! ಸುಟ್ಟದ್ದು ಮೂರನೆಯದೊಂದೇ; ಉಳಿದ ನಾಲ್ಕು ಬೇರಿಂಗುಗಳು ಫಳಫಳ ಹೊಳೆಯುತ್ತಿದ್ದವು. ಅದು ತನ್ನ ಕೈಗುಣ ಎಂದುಕೊಂಡ.

ಅಜ್ಜನ ಮಗಳು ಬಾಗಿಲಲ್ಲೇ ನಿಂತಿದ್ದಳು. “ಹೋದ ವಾರ ಒಲೆ ಆರಿಸೋದು ಮರೆತ್ರಿ ಅಪ್ಪಾ. ಇದೂ ಮರೆವೇ ಆದ್ರೆ ಗಡಿಯಾರದಂಗಡಿ ಮುಚ್ಚಿಬಿಡೋಣ ಅಂತ ನೀವೇ ಒಪ್ಪಿದ್ರಿ. ಮೇಸ್ತ್ರಿ, ಖಂಡಿತ ತಾನೆ?”

“ಮೂವತ್ತು ವರ್ಷದ ಕೈ ಇದು, ತಾಯಿ. ಬೇರೆ ಕಾರಣವೇ ಇಲ್ಲ.”

ಅಜ್ಜ ಸುಟ್ಟ ಬೇರಿಂಗನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ತಂದು ನೋಡಿದ. ಇಡೀ ಊರಿನ ಗಡಿಯಾರಗಳ ಕಾಯಿಲೆ ಬಾಯಿಪಾಠ ಇದ್ದವನು.

“ಹಾಗಾದ್ರೆ ಮರೆತೇ ಇರ್ಬೇಕು,” ಎಂದ. ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಮಗಳಿಗೆ ಕೊಟ್ಟ. ಅವಳು ತಂದೆಯ ತೋಳು ಹಿಡಿದು ನಡೆಸಿಕೊಂಡು ಹೋದಳು.

ಒಳ್ಳೆಯದೇ ಆಯಿತು. ಮರೆಗುಳಿಗಳ ಕೈಗೆ ಯಂತ್ರ ಕೊಡಬಾರದು, ಅಷ್ಟೇ. ಹೇಸಿಗೆಯಿಂದ ನೆಲಕ್ಕೆ ಉಗುಳಿ, ಮೇಸ್ತ್ರಿ ಕೆಲಸಕ್ಕೆ ಕೂತ.

ಬೆಂಚಿನ ಮೇಲೆ ಎಂಜಿನ್ ಹೊಟ್ಟೆ ಮೇಲಾಗಿ ಮಲಗಿತ್ತು. ಬೇರಿಂಗ್ ಕೂರುವ ಐದು ಜಾಗ. ಒಂದೊಂದರಲ್ಲೂ ಎಣ್ಣೆ ಹರಿದುಬರುವ ಒಂದೊಂದು ತೂತು. ಉಜ್ಜಿ ಸ್ವಚ್ಛ ಮಾಡುವಾಗ ಆ ತೂತುಗಳಿಗೆ ಒಂದು ಕಣ ಕಸ ಬೀಳಬಾರದು. ಅದಕ್ಕೇ ಮೊದಲು ಬಟ್ಟೆ ಹೊಸೆದು ಬಿರಡೆ ಹಾಕುವುದು ಅವನ ಪದ್ಧತಿ. ಈ ಊರಲ್ಲಿ ಇನ್ಯಾವ ಮೇಸ್ತ್ರಿಗಿದೆ ಇಷ್ಟು ಶಿಸ್ತು? ಹೆಂಡತಿ ಕೊಟ್ಟಿದ್ದ ಹಳೇ ಪರದೆ ಎಳೆದುಕೊಂಡ. ಹೋದ ತಿಂಗಳು ಹರಿದು ಉಳಿದದ್ದು. ಹಳದಿ ಹೂವಿನದು. ಪರ್ರನೆ ಹರಿದು ಹೊಸೆದ.

ಮೊದಲನೇ ತೂತಿಗೆ ತುರುಕಿದ. ಎರಡನೆಯದಕ್ಕೂ ತುರುಕಿದ. ಮೂರನೆಯದಕ್ಕೆ ಬಿರಡೆ ಹೋಗಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೂ ಹೋಗಲಿಲ್ಲ.

ಒಳಗೇನೋ ಇತ್ತು. ಚಿಮಟ ಹಾಕಿ ಎಳೆದ. ಕಿರುಬೆರಳಷ್ಟು ಕಪ್ಪು ಗಂಟು ಜಾರಿ ಬಂತು. ಎಂಥ ಹೊಲಸೋ ಎಂದು ಮುಖ ಕಿವುಚುತ್ತಲೇ ಅದನ್ನು ಅಂಗೈ ಮೇಲೆ ಬಿಡಿಸಿದ.

ಮಸಿಯ ನಡುವೆ ಒಂದು ಹಳದಿ ಹೂವಿತ್ತು.