ಬಸಳೆಯ ನಲವತ್ತು ದಿನ

ಚಂದ್ರನ ಮೇಲಿನ ನಮ್ಮ ಊರಿಗೆ ಭೂಮಿಯಿಂದ ಯಾರೇ ಗಿಡ ತಂದರೂ, ಗಿಡದ ಜೊತೆ ಅವರೂ ಗಾಜಿನ ಕೋಣೆಯಲ್ಲಿ ನಲವತ್ತು ದಿನ ಇರಬೇಕು. ಒಂದು ರೋಗ ನುಸುಳಿದರೆ ಎರಡು ಸಾವಿರ ಜನರ ತರಕಾರಿ ತೋಟ ಹೋದಂತೆಯೇ. ಆ ಕೋಣೆಯ ತಪಾಸಣೆ ನನ್ನ ಕೆಲಸ. ಗೊತ್ತಿದ್ದೂ ನನ್ನ ಅಮ್ಮ, ಕುಂದಾಪುರದ ಜಲಜಕ್ಕ, ಮಗಳ ಮನೆಗೆ ಬರಿಗೈಯಲ್ಲಿ ಬರುವುದುಂಟೇ ಎಂದು ಹಳೇ ಸೀರೆಯ ತುಂಡಿನಲ್ಲಿ ಬಸಳೆ ಬಳ್ಳಿ ಸುತ್ತಿಕೊಂಡು ಬಂದಿದ್ದಳು.

ಇವತ್ತು ನಲವತ್ತನೇ ದಿನ. ಅಮ್ಮ ಕಟ್ಟಿದ ದಾರ ಹಿಡಿದು ಬಳ್ಳಿ ಸೊಂಟದೆತ್ತರ ಬೆಳೆದಿದೆ. ದಿನವೂ ಗಾಜಿನ ಆಚೆಈಚೆ ಕೂತು ಒಟ್ಟಿಗೆ ಉಂಡಿದ್ದೇವೆ. ನನ್ನ ಮದುವೆಯಾದ ಮೇಲೆ ನಾವು ಇಷ್ಟು ಮಾತಾಡಿದ್ದೇ ಇಲ್ಲ.

ಗಾಜಿನ ಗೋಡೆಗೆ ಒಳಮುಖವಾಗಿ ಜೋಡಿಸಿದ ಕೈಗವಸಿನಲ್ಲಿ ಕೈ ತೂರಿಸಿ ಒಂದೊಂದೇ ಎಲೆ ಮಗುಚಿ ನೋಡಿದೆ. ಒಂದು ಚುಕ್ಕೆಯೂ ಇಲ್ಲ.

"ಪಾಸಾ?" ಎಂದಳು ಅಮ್ಮ. ಮಧ್ಯಾಹ್ನವೇ ಅವಳ ವಾಪಸು ನೌಕೆ. ಚೀಲ ಕಟ್ಟಿಟ್ಟಿದ್ದಳು.

"ಪಾಸು."

ಕೈ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ. ಚಿಕ್ಕಂದಿನಲ್ಲಿ ಅವಳೇ ಕಲಿಸಿದ ಹಾಗೆ ಬಳ್ಳಿಯ ಕುಡಿ ಚಿವುಟಿಬಿಟ್ಟೆ.

"ಎಂತ ಮಾಡಿದ್ದು ನೀನು?"

"ಗಿಡಕ್ಕೆ ಗಾಯವಾದರೆ ಲೆಕ್ಕ ಮತ್ತೆ ಒಂದರಿಂದ, ಅಮ್ಮ. ಇನ್ನೂ ನಲವತ್ತು ದಿನ. ರೂಲ್ಸ್ ಉಂಟು."

ಅಮ್ಮ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಚೀಲದ ಗಂಟು ಬಿಚ್ಚಿ, ಬಳ್ಳಿಯ ಪಕ್ಕ ಬಂದು ಕೂತಳು.

"ಕೆಳಗೆ ಇನ್ನೊಂದು ಕುಡಿ ಉಂಟು ಮಾರಾಯ್ತಿ. ಅದನ್ನು ಮೂವತ್ತೊಂಬತ್ತನೇ ದಿನ ನಾನೇ ಚಿವುಟುತ್ತೇನೆ."